ಉಣುಗೋಲಿನಿಂದ ಹೆಬ್ಬಾಗಿಲಿಗೆ

ಒಂದು ಜಾಗ ನೋಡೋಕೆ ಲಾಯಕ್ಕೋ ಅಲ್ಲವೋ ಅಂತ ತೀರ್ಮಾನ ಮಾಡಲು ನಮ್ಮ ಭಾವನ ಹತ್ತಿರ ಒಂದೇ ಅಳತೆ ಇದೆ. ಗಾಡಿ ಎಲ್ಲಿವರೆಗೆ ಹೋಗ್ತದೆ? ಕವಲೇದುರ್ಗದ ಕೋಟೆ ಅಂದ ಕೂಡಲೇ ಅವರು ಕೇಳಿದ್ದೂ ಅದನ್ನೇ. ಗುಡ್ಡದ ಬುಡದವರೆಗೆ ಹೋಗುತ್ತೆ, ಆಮೇಲೆ ನಡೀಬೇಕು ಅಂದೆ. ಅಲ್ಲಿ ಏನುಂಟು ಅಂದರು. ಬಾಗಿಲು ಅಂದೆ.

"ಬಾಗಿಲು ನೋಡೋಕೆ ಗುಡ್ಡ ಹತ್ತಬೇಕಾ ಮಾರಾಯ? ನಮ್ಮನೇಲೇ ಹದಿನಾಲ್ಕು ಬಾಗಿಲು ಇದಾವಲ್ಲ!"

ಹಳೇ ಮನೆ ಅವರದು, ಹದಿನಾಲ್ಕು ಇದ್ದರೂ ಇರಬಹುದು. ಆದರೆ ಅಕ್ಕ ಒಳಗಿನಿಂದ "ಹೋಗಿ ಬನ್ನಿ, ಹೊಟ್ಟೆ ಕರಗ್ಲಿ" ಅಂದಿದ್ದರಿಂದ ಭಾವನಿಗೆ ಬೇರೆ ದಾರಿ ಇರಲಿಲ್ಲ. ನವೆಂಬರ್ ತಿಂಗಳು. ಮಳೆ ನಿಂತಿತ್ತು, ಗದ್ದೆ ಹಳದಿಗೆ ತಿರುಗುತ್ತಿತ್ತು. ತೀರ್ಥಹಳ್ಳಿಯಿಂದ ಸುಮಾರು 20 ಕಿ.ಮೀ. ದಾರಿ. ಬುಡದಲ್ಲಿ ಕೆರೆ ಕಂಡಾಗ ಗಾಡಿ ನಿಲ್ಲಿಸಿ, ಭಾವ ಒಂದು ಪೊಟ್ಟಣದಲ್ಲಿ ಸುಣ್ಣ ಕಟ್ಟಿಕೊಂಡರು. ಉಂಬಳಕ್ಕೆ, ಅಂದರೆ ರಕ್ತ ಹೀರುವ ಜಿಗಣೆಗೆ ಅಂತ. ನಡೆಯೋಕೆ ಮನಸ್ಸಿಲ್ಲದಿದ್ದರೂ ಮಲೆನಾಡಿನವರಿಗೆ ತಯಾರಿ ತಾನಾಗೇ ಬರುತ್ತೆ.

ಗದ್ದೆಯಂಚಿನ ಮೇಲೆ ಸ್ವಲ್ಪ ದೂರ ನಡೆದಾಗ ಒಂದು ಉಣುಗೋಲು ಅಡ್ಡ ಬಂತು. ಬಯಲುಸೀಮೆಯವರಿಗೆ ಇದನ್ನು ಹೇಳಬೇಕು. ಬೇಲಿಯ ನಡುವೆ ಎರಡು ಕಂಬ ನೆಟ್ಟು, ಅವುಗಳಲ್ಲಿ ಮೂರೋ ನಾಲ್ಕೋ ತೂತು ಕೊರೆದು, ಬಿದಿರಿನ ಗಳಗಳನ್ನು ಅಡ್ಡ ತೂರಿಸಿಟ್ಟರೆ ಅದೇ ಉಣುಗೋಲು. ಹೋಗಬೇಕಾದವರು ಗಳವನ್ನು ಒಂದು ಕಡೆ ಸರಿಸಬೇಕು, ದಾಟಬೇಕು, ಮತ್ತೆ ಸರಿಸಬೇಕು. ದನಕ್ಕೆ ಆಗದ್ದು, ಮನುಷ್ಯರಿಗೆ ಆಗುವುದು. ಕೆಲವು ಕಡೆ ದಣಪೆ ಅಂತಾರೆ. ಹತ್ತಿ ಇಳಿಯುವ ಹಾಗೆ ಮಾಡಿದ್ದರೆ ಅದು ತಡಬೆ. ನಾನು ಶಾಲೆಗೆ ಹೋಗುವ ದಾರಿಯಲ್ಲಿ ಇಂಥವು ಐದು ಇದ್ದವು. ಮಳೆಗಾಲದಲ್ಲಿ ಕೊಡೆ, ಚೀಲ, ಚಪ್ಪಲಿ ಎಲ್ಲ ಹಿಡಿದುಕೊಂಡು ಐದು ಸಲ ಸರಿಸಿ ಹಾಕಿ ಮಾಡುವಾಗ ಬೈದುಕೊಂಡಷ್ಟು ಬೇರೆ ಯಾವುದಕ್ಕೂ ಬೈದುಕೊಂಡಿಲ್ಲ.

ಗಮನಿಸಿದರೆ ನಮ್ಮ ಕಡೆ ಊರಿಗೆ ಬಾಗಿಲಿಲ್ಲ. ಬಯಲುಸೀಮೆಯಲ್ಲಿ ಮನೆಗೆ ಮನೆ ಅಂಟಿಕೊಂಡಿರುತ್ತೆ, ಊರಿಗೆ ಒಂದು ಒಳಗು, ಒಂದು ಹೊರಗು ಇರುತ್ತೆ. ಹಾಗಾಗಿ ಅಗಸೆ ಬಾಗಿಲೂ ಇರುತ್ತೆ. ಮಲೆನಾಡಿನ ಹಳ್ಳಿ ಹಾಗಲ್ಲ. ಈ ಕಣಿವೆಯಲ್ಲಿ ಒಂದು ಮನೆ, ಅಡಿಕೆ ತೋಟ. ಗುಡ್ಡ ದಾಟಿದರೆ ಇನ್ನೊಂದು ಮನೆ, ಇನ್ನೊಂದು ತೋಟ. ಬಾಗಿಲು ಹಾಕುವುದಾದರೂ ಎಲ್ಲಿಗೆ? ಮನೆಗೊಂದು ಉಣುಗೋಲು, ಅಷ್ಟೇ. ಇಂಥ ಸೀಮೆಯಲ್ಲಿ ಕಾಡಿನ ನಡುವೆ ಹಠಾತ್ತನೆ ಎರಡಾಳೆತ್ತರದ ಕಲ್ಲಿನ ಬಾಗಿಲು ಎದುರಾದರೆ ಹೇಗಿರುತ್ತೆ ಅನ್ನುವುದೇ ನನಗೆ ಕವಲೇದುರ್ಗದ ಮೋಹ.

ಭಾವ ಗಳ ಸರಿಸಿದರು, ದಾಟಿದೆವು, ಮಾತಾಡುತ್ತಾ ಮುಂದೆ ಹೋದೆವು.

ಗದ್ದೆ ಮುಗಿದು ಮರದ ನೆರಳು ಶುರುವಾದ ಮೇಲೆ ಕಾಲಡಿ ಕಲ್ಲು ಸಿಗುತ್ತೆ. ಹಾಸುಗಲ್ಲಿನ ದಾರಿ. ಪಾಚಿ ಹಿಡಿದು ಜಾರುತ್ತೆ, ಆದ್ದರಿಂದ ಕಣ್ಣು ನೆಲದ ಮೇಲೇ ಇರುತ್ತೆ. ಹಾಗೆ ತಲೆ ತಗ್ಗಿಸಿಕೊಂಡು ಹತ್ತುತ್ತಿದ್ದವನು ಯಾಕೋ ಬಿಸಿಲು ಕಮ್ಮಿಯಾಯಿತಲ್ಲ ಅಂತ ತಲೆ ಎತ್ತಿದರೆ ಎದುರಿಗೇ ಗೋಡೆ. ದೂರದಿಂದ ಕಾಣಿಸಿ, ಹತ್ತಿರ ಹತ್ತಿರ ಬಂದು, ಆಮೇಲೆ ಎದುರಾಗುವ ಗೋಡೆಯಲ್ಲ ಅದು. ಇಲ್ಲದೇ ಇದ್ದು ಆಮೇಲೆ ಇರುವ ಗೋಡೆ. ಗುಡ್ಡದ ಮೈ ಹೇಗೆ ತಿರುಗಿದೆಯೋ ಹಾಗೇ ಗೋಡೆಯೂ ತಿರುಗಿದೆ. ದೊಡ್ಡ ದೊಡ್ಡ ಗ್ರಾನೈಟ್ ಕಲ್ಲುಗಳನ್ನು ಕೆತ್ತಿ, ಒಂದರ ಮೇಲೊಂದು ಕೂರಿಸಿದ್ದಾರೆ.

ಇಂಥ ಗೋಡೆ ಇಲ್ಲಿ ಮೂರು ಸುತ್ತು ಇದೆ. ಪ್ರತಿ ಸುತ್ತಿಗೂ ಒಂದು ಬಾಗಿಲು, ಬಾಗಿಲಿನ ಎರಡೂ ಬದಿಗೆ ಕಾವಲಿನವರ ಕೋಣೆ. ಹೇಳಿದರೆ ಒಂದೇ ಸಾಲಲ್ಲಿ ಮುಗಿಯಿತು. ಫೋಟೋದಲ್ಲಿ ನೋಡಿದರೂ ಒಂದು ಬಾಗಿಲಿಗೂ ಇನ್ನೊಂದಕ್ಕೂ ಜಾಸ್ತಿ ವ್ಯತ್ಯಾಸ ಕಾಣಲ್ಲ. ಕಾಲಿಗೆ ಮಾತ್ರ ಮೂರೂ ಬೇರೆ ಬೇರೆ. ಮೊದಲನೆಯದಕ್ಕೆ ಹೋಗುವಾಗ ಉಸಿರಿರುತ್ತೆ. ಎರಡನೆಯದರ ಹೊತ್ತಿಗೆ ಮಾತು ನಿಂತಿರುತ್ತೆ. ಮೂರನೆಯದಕ್ಕೆ ಬರುವಾಗ ಕಾವಲಿನವನು ಯಾರಾದರೂ ಇದ್ದು "ಯಾರು?" ಅಂತ ಕೇಳಿದರೆ ಹೆಸರು ಹೇಳಲೂ ದಮ್ಮು ಇರಲ್ಲ. ಕಟ್ಟಿದವರು ಕಲ್ಲಿನ ಜೊತೆ ಇದನ್ನೂ ಲೆಕ್ಕ ಹಾಕಿರಲೇಬೇಕು. ಕತ್ತಿ ಗುರಾಣಿ ಹೊತ್ತು ಓಡಿ ಬಂದವನ ಅರ್ಧ ಯುದ್ಧ ಏರಿನಲ್ಲೇ ಮುಗಿಯುತ್ತೆ.

ಇನ್ನೊಂದು ಚಾಲಾಕಿ ಅಂದರೆ ತಿರುವು. ಒಂದು ಬಾಗಿಲಲ್ಲಿ ನಿಂತರೆ ಮುಂದಿನ ಬಾಗಿಲು ಕಾಣದ ಹಾಗೆ ದಾರಿ ತಿರುಗುತ್ತೆ. ಹಳೇ ಕೋಟೆ ಕಟ್ಟುವವರಿಗೆ ಇದು ಗೊತ್ತಿದ್ದ ವಿದ್ಯೆ. ದಾರಿ ನೇರ ಇದ್ದರೆ ಆನೆ ಓಡಿ ಬಂದು ಕದಕ್ಕೆ ಗುದ್ದಬಹುದು, ಮರದ ತೊಲೆ ಹೊತ್ತವರು ವೇಗ ಹಿಡಿಯಬಹುದು. ತಿರುವು ಇದ್ದರೆ ಆನೆಯೂ ನಿಧಾನ, ಆಳೂ ನಿಧಾನ. ಮೇಲೆ ಗೋಡೆಯಲ್ಲಿ ನಿಂತವನಿಗೆ ಅಷ್ಟೇ ಸಾಕು. ನಾವು ಬರಿಗೈಯಲ್ಲಿ, ಒಂದು ಬಾಟಲಿ ನೀರು ಹಿಡಿದು ಹೋದವರು. ಆದರೂ ಆ ತಿರುವಿನಲ್ಲಿ ಕಾಲು ತಾನಾಗೇ ನಿಧಾನ ಆಯಿತು. ನಾಲ್ಕು ನೂರು ವರ್ಷ ಆದಮೇಲೂ ಬಾಗಿಲು ತನ್ನ ಕೆಲಸ ಮಾಡುತ್ತಲೇ ಇದೆ.

ಭಾವ ಕಾವಲಿನ ಕೋಣೆಯ ಜಗಲಿ ಮೇಲೆ ಕೂತೇಬಿಟ್ಟರು. "ಒಳ್ಳೇ ತಂಪು ಉಂಟಲ್ಲ ಇಲ್ಲಿ" ಅಂದರು. ನಿಜ. ಹೊರಗೆ ಗಾಳಿ ಇರಲಿಲ್ಲ, ಬಾಗಿಲ ಒಳಗೆ ಇತ್ತು. ಎರಡು ಕಲ್ಲಿನ ನಡುವೆ ಸಿಕ್ಕ ಗಾಳಿ ತೂರಿಕೊಂಡು ಬರುತ್ತೆ. ಜೊತೆಗೆ ಬಾವಲಿಯ ವಾಸನೆ. ಕಾವಲಿನವರಿಗೆ ಮಧ್ಯಾಹ್ನದ ಹೊತ್ತು ನಿದ್ದೆ ಹತ್ತದೆ ಇದ್ದಿದ್ದರೆ ಅವರನ್ನು ಮೆಚ್ಚಬೇಕು.

ನನಗೆ ಹಳೇ ಬಾಗಿಲಲ್ಲಿ ತೂತು ಹುಡುಕುವ ಚಟ. ಕದ ಹೋಗಿರುತ್ತೆ. ಮರ ಕೊಳೆಯುತ್ತೆ, ಕಬ್ಬಿಣ ಯಾರದೋ ಮನೆ ಸೇರಿರುತ್ತೆ. ಕಲ್ಲಿನ ತೂತು ಮಾತ್ರ ಉಳಿದಿರುತ್ತೆ. ಹಳೇ ಕಾಲದ ಹೆಬ್ಬಾಗಿಲಿಗೆ ಈಗಿನ ಹಾಗೆ ಕಬ್ಬಿಣದ ಕೀಲು ಇರುತ್ತಿರಲಿಲ್ಲ. ಕದದ ಅಂಚಿನ ಮರವನ್ನೇ ಮೇಲೂ ಕೆಳಗೂ ಮೊಳೆಯ ಹಾಗೆ ಉದ್ದ ಬಿಟ್ಟು, ಕಲ್ಲಿನ ಗುಳಿಯಲ್ಲಿ ಕೂರಿಸುತ್ತಿದ್ದರು. ಇಡೀ ಕದದ ಭಾರ ಕೆಳಗಿನ ಗುಳಿ ಮೇಲೆ. ತೆರೆದು ಮುಚ್ಚಿ ತೆರೆದು ಮುಚ್ಚಿ ಆ ಗುಳಿ ಒಳಕಲ್ಲಿನ ಹಾಗೆ ನುಣ್ಣಗಾಗಿರುತ್ತೆ. ಬೆರಳಿಟ್ಟರೆ ಗೊತ್ತಾಗುತ್ತೆ.

ಇನ್ನೊಂದು ತೂತು ಅಗುಳಿಯದು. ಅಗುಳಿ ಅಂದರೆ ಕದದ ಹಿಂದೆ ಅಡ್ಡ ಹಾಕುವ ತೊಲೆ. ಅದಕ್ಕೆ ಒಂದು ಬದಿಯ ಗೋಡೆಯಲ್ಲಿ ಆಳದ ತೂತು, ಇನ್ನೊಂದು ಬದಿಯಲ್ಲಿ ಗಿಡ್ಡ ತೂತು ಮಾಡುತ್ತಾರೆ. ಬಾಗಿಲು ತೆರೆಯಬೇಕಾದಾಗ ತೊಲೆಯನ್ನು ಆಳದ ತೂತಿನೊಳಗೆ ಪೂರ್ತಿ ತಳ್ಳಿಬಿಡುವುದು. ಮುಚ್ಚಬೇಕಾದಾಗ ಹೊರಗೆಳೆದು ಆಚೆ ಗೋಡೆಗೆ ತೂರಿಸುವುದು. ಇದನ್ನು ಭಾವನಿಗೆ ಕೈಕಾಲು ಆಡಿಸಿ ವಿವರಿಸುತ್ತಿದ್ದೆ. ಅವರು ನೀರು ಕುಡಿದು, ಬಾಯಿ ಒರೆಸಿಕೊಂಡು, "ಹಂಗಾರೆ ಉಣುಗೋಲೇ ಆತಲ್ಲ" ಅಂದರು.

ನಾನು ಸುಮ್ಮನಾದೆ. ಇಷ್ಟು ವರ್ಷ ಕೋಟೆ ನೋಡುತ್ತಾ ಬಂದವನಿಗೆ ಹೊಳೆಯದ್ದು ಗಾಡಿ ಬಿಟ್ಟು ಇಳಿಯದ ಮನುಷ್ಯನಿಗೆ ಒಂದು ಗುಟುಕು ನೀರಿನಲ್ಲಿ ಹೊಳೆದಿತ್ತು. ಹೌದು, ಉಣುಗೋಲೇ. ಎರಡು ಕಂಬ, ಎರಡು ತೂತು, ಅಡ್ಡ ಒಂದು ಗಳ.

'ಬಾಗಿಲು' ಅನ್ನುವ ಪದದಲ್ಲಿ ಚಿಕ್ಕವನಿದ್ದಾಗ ನನಗೆ 'ಬಾಗು' ಕೇಳಿಸುತ್ತಿತ್ತು. ನಮ್ಮ ಮನೆ ಬಾಗಿಲು ಗಿಡ್ಡ, ಬಾಗದೇ ಹೋದರೆ ಹಣೆಗೆ ಏಟು. ಆದ್ದರಿಂದ ಬಾಗಿಲು. ಆಮೇಲೆ ಯಾರೋ ಹೇಳಿದರು, ಅದು ಬಾಯಿಯಿಂದ ಬಂದ ಪದ, ತಮಿಳಿನ ವಾಯಿಲ್ ಕೂಡ ಇದರ ನೆಂಟ ಅಂತ. ಮನೆಗೆ ಬಾಯಿ. ಅದೂ ಸರಿಯೇ. ಆದರೂ ಕವಲೇದುರ್ಗದ ಏರಿನಲ್ಲಿ ಬೆನ್ನು ಬಾಗಿಸಿಕೊಂಡು ಬಂದವನಿಗೆ ನನ್ನ ಹಳೇ ವ್ಯಾಕರಣವೇ ವಾಸಿ ಅನ್ನಿಸುತ್ತೆ.

ಈ ಗುಡ್ಡಕ್ಕೆ ಭುವನಗಿರಿ ಅಂತ ಇನ್ನೊಂದು ಹೆಸರಿದೆ. ಇದನ್ನು ದೊಡ್ಡದು ಮಾಡಿದವನು ಕೆಳದಿಯ ದೊರೆ ವೆಂಕಟಪ್ಪ ನಾಯಕ. ಅರಮನೆ, ಮಹತ್ತಿನ ಮಠ, ಖಜಾನೆ, ಕಣಜ, ಆನೆ ಕುದುರೆಗಳ ಲಾಯ ಎಲ್ಲ ಇದ್ದ ಜಾಗ. ಅವನ ರಾಜಧಾನಿ ಆಗ ಸಾಗರದ ಹತ್ತಿರದ ಇಕ್ಕೇರಿ. ಇವತ್ತು ಇಕ್ಕೇರಿಗೆ ಹೋದರೆ ಅಘೋರೇಶ್ವರ ದೇವಸ್ಥಾನ ಇದೆ, ಸುತ್ತ ತೋಟ ಗದ್ದೆ ಇದೆ. ರಾಜಧಾನಿ ಇಲ್ಲ. ಬಾಗಿಲೂ ಇಲ್ಲ.

ಆದರೆ ಆ ಬಾಗಿಲುಗಳನ್ನು ಹಾಯ್ದು ಹೋದ ಒಬ್ಬ ಮನುಷ್ಯ ಬರೆದಿಟ್ಟಿದ್ದಾನೆ. ಪಿಯೆತ್ರೊ ದೆಲ್ಲಾ ವಾಲ್ಲೆ, ರೋಮ್ ಊರಿನವನು. ಗೋವೆಯ ಪೋರ್ಚುಗೀಸರು ವೆಂಕಟಪ್ಪ ನಾಯಕನ ಹತ್ತಿರ ಕಳಿಸಿದ ರಾಯಭಾರಿಯ ಜೊತೆ ಸುಮ್ನೆ ಊರು ನೋಡಲು ಬಂದವನು. ಹೊನ್ನಾವರ, ಗೇರುಸೊಪ್ಪೆ ದಾಟಿ, ಘಟ್ಟ ಹತ್ತಿ 1623ರ ನವೆಂಬರ್‌ನಲ್ಲಿ ಇಕ್ಕೇರಿ ಮುಟ್ಟಿದ. ಅವನೂ ನವೆಂಬರ್‌ನಲ್ಲೇ ಬಂದದ್ದು ನನಗೆ ಖುಷಿ. ಮಳೆ ನಿಂತ ಮೇಲೆ ಮಲೆನಾಡಿಗೆ ಬರಬೇಕು ಅನ್ನುವುದು ಆಗಲೂ ಗೊತ್ತಿತ್ತು ಅಂತಾಯಿತು.

ಅವನು ಹೇಳುವ ಪ್ರಕಾರ ಊರೊಳಗೆ ಹೋಗಲು ಮೂರು ಬಾಗಿಲು ದಾಟಬೇಕಿತ್ತು, ಅಂದರೆ ಮೂರು ಸುತ್ತು. ಆದರೆ ಮೊದಲ ಎರಡು ಸುತ್ತಿಗೆ ಗೋಡೆಯೇ ಇರಲಿಲ್ಲ. ಬಿದಿರು! ಒತ್ತೊತ್ತಾಗಿ ನೆಟ್ಟು ಬೆಳೆಸಿದ ಎತ್ತರದ ಬಿದಿರು ಮೆಳೆ. ಆಳಾಗಲಿ ಕುದುರೆಯಾಗಲಿ ನುಗ್ಗುವ ಹಾಗಿಲ್ಲ, ಕಡಿಯೋದು ಕಷ್ಟ, ಬೆಂಕಿಯ ಭಯವೂ ಇಲ್ಲ ಅಂತ ಬರೆಯುತ್ತಾನೆ. ಮೇಲೆ ಬಳ್ಳಿ ಹಬ್ಬಿ ಒಳ್ಳೇ ನೆರಳು ಬೇರೆ. ಮೂರನೆಯದು ಮಾತ್ರ ಗೋಡೆ, ಅದೂ ಅವನ ಕಣ್ಣಿಗೆ ಅಂಥಾ ಗಟ್ಟಿ ಅನ್ನಿಸಲಿಲ್ಲ. ಊರೊಳಗೆ ಮನೆಗಳು ದೂರ ದೂರ. ಉದ್ದುದ್ದ ಬೀದಿ, ಕೆರೆ, ಗದ್ದೆ, ತೋಪು ಎಲ್ಲ ಒಂದಕ್ಕೊಂದು ಬೆರೆತು, ಇದು ಊರೋ ಕಾಡೋ ಅನ್ನುವ ಹಾಗಿತ್ತಂತೆ. ಅಲ್ಲಿಗೆ ರಾಜಧಾನಿಯೂ ಮಲೆನಾಡಿನ ಊರೇ ಆಗಿತ್ತು.

ಒಬ್ಬನೇ ದೊರೆ. ರಾಜಧಾನಿಗೆ ಬಿದಿರಿನ ಕೋಟೆ, ಗುಡ್ಡದ ಮೇಲೆ ಕಲ್ಲಿನ ಕೋಟೆ. ನನಗೆ ಬಿದಿರಿನದೇ ಜಾಸ್ತಿ ಕಾಡುತ್ತೆ. ಕಲ್ಲು ಕಟ್ಟಿದ ದಿನದಿಂದ ಹಾಳಾಗಲು ಶುರು, ಬಿದಿರು ನೆಟ್ಟ ದಿನದಿಂದ ಬಲಿಯಲು ಶುರು. ಆದರೆ ನಮ್ಮ ಕಡೆಯ ಮುಳ್ಳುಬಿದಿರು ನಲವತ್ತು ಐವತ್ತು ವರ್ಷಕ್ಕೊಮ್ಮೆ ಇಡೀ ಸೀಮೆಯಲ್ಲಿ ಒಟ್ಟಿಗೇ ಹೂ ಬಿಟ್ಟು, ಅಕ್ಕಿ ಉದುರಿಸಿ, ಒಟ್ಟಿಗೇ ಒಣಗಿ ಸಾಯುತ್ತೆ. ಬಿದಿರಕ್ಕಿ ಗಂಜಿ ಉಂಡ ಹಿರಿಯರು ಈಗಲೂ ಇದ್ದಾರೆ. ಹಾಗಾದರೆ ಇಕ್ಕೇರಿಯ ಕೋಟೆ ಹೂ ಬಿಟ್ಟ ವರ್ಷ ದಳವಾಯಿ ಏನು ಮಾಡಿರಬಹುದು? ಗೋಡೆಯೇ ಒಣಗಿ ನಿಂತಿದೆ, ಇನ್ನೊಂದು ಕಿಡಿ ಸಾಕು. ಇಲಿಗಳಿಗೆ ಹಬ್ಬ. ಹೀಗೆಲ್ಲ ಯೋಚನೆ ಮಾಡುತ್ತಾ ಮೂರನೇ ಬಾಗಿಲು ದಾಟಿದ್ದೇ ಗೊತ್ತಾಗಲಿಲ್ಲ, ಹಿಂದೆ ಹೋಗಿ ಮತ್ತೊಮ್ಮೆ ದಾಟಿ ಬಂದೆ. ಭಾವ ಇದನ್ನು ಅಕ್ಕನಿಗೆ ಹೇಳದೆ ಬಿಡಲ್ಲ.

ಮುಂದೆ ಬಿಜಾಪುರದ ಸೇನೆ ಇಕ್ಕೇರಿಗೆ ನುಗ್ಗಿ ಲೂಟಿ ಮಾಡಿತು. ಅದಾದ ಮೇಲೆ, 1639-40ರ ಹೊತ್ತಿಗೆ, ವೀರಭದ್ರ ನಾಯಕ ರಾಜಧಾನಿಯನ್ನೇ ಇನ್ನೂ ದಟ್ಟ ಕಾಡಿನ ಬಿದನೂರಿಗೆ ಎತ್ತಿಕೊಂಡು ಹೋದ. ಬಿದನೂರು ಅಂದರೆ ಬಿದಿರೂರು. ಸಂಸ್ಕೃತದವರು ವೇಣುಪುರ ಮಾಡಿದರು. ಈಗಿನ ನಗರ. ಹೊಸನಗರದಿಂದ ಕೊಲ್ಲೂರಿಗೆ ಹೋಗುವ ರಸ್ತೆಯಲ್ಲೇ ಕೋಟೆ ಇದೆ, ಬಸ್ಸಿನಿಂದ ಇಳಿದರೆ ಬಾಗಿಲು. ಭಾವನಿಗೆ ಇಷ್ಟವಾದ ಕೋಟೆ ಅದೇ, ಯಾಕೆ ಅಂತ ಹೇಳಬೇಕಾಗಿಲ್ಲ.

ನಗರದ ಬಾಗಿಲಿನದು ಒಂದು ಕತೆ ಇದೆ. 1763ರಲ್ಲಿ ಹೈದರಾಲಿ ಬಿದನೂರಿನ ಮೇಲೆ ಬಂದ. ಆಗ ಆಳುತ್ತಿದ್ದವಳು ರಾಣಿ ವೀರಮ್ಮಾಜಿ. ಸುತ್ತ ಗುಡ್ಡ, ಕಾಡು, ಕಾವಲು. ಬಾಗಿಲು ಒಡೆದು ಹೋಗುವುದು ಸುಲಭದ ಮಾತಲ್ಲ. ಲಿಂಗಣ್ಣ ಅಂತ ಹಿಂದಿನ ರಾಜನ ಕಾಲದ ಮಂತ್ರಿಯೊಬ್ಬ ಹೈದರನ ಕಡೆ ಸೇರಿದ್ದ. ಒಂದು ದಂಡು ಬಾಗಿಲುಗಳ ಎದುರು ನಿಂತು ಗಲಾಟೆ ಎಬ್ಬಿಸಿತು, ಸುಳ್ಳು ದಾಳಿ. ಕೋಟೆಯವರೆಲ್ಲ ಆ ಕಡೆ ಓಡಿದರು. ಆ ಹೊತ್ತಿಗೆ ಹೈದರ್ ಇನ್ನೊಂದು ದಂಡಿನ ಜೊತೆ ಲಿಂಗಣ್ಣ ತೋರಿಸಿದ ಕಾಲುದಾರಿಯಲ್ಲಿ ಕಾಡಿನೊಳಗಿಂದ ಊರಿಗೆ ಇಳಿದುಬಿಟ್ಟ. ರಾಣಿ ಅರಮನೆಗೆ ಬೆಂಕಿ ಇಡಿಸಿ ಬಲ್ಲಾಳರಾಯನ ದುರ್ಗಕ್ಕೆ ಹೋದಳು, ಅಲ್ಲಿ ಸೆರೆಯಾದಳು. ಬಿದನೂರು ಹೈದರ್‌ನಗರ ಆಯಿತು, ಕೊನೆಗೆ ಹೈದರ್ ಉದುರಿ ಬರೀ ನಗರ ಉಳಿಯಿತು.

ನನಗೆ ಇಲ್ಲಿ ಲಿಂಗಣ್ಣ ಸರಿಯೋ ತಪ್ಪೋ ಅನ್ನುವುದಕ್ಕಿಂತ ಆ ಕಾಲುದಾರಿ ಮುಖ್ಯ. ಬಾಗಿಲು ಸೋಲಲೇ ಇಲ್ಲ, ಪಾಪ. ಅದರ ಪಾಡಿಗೆ ಅದು ಮುಚ್ಚಿಕೊಂಡೇ ಇತ್ತು. ಪಕ್ಕದಲ್ಲಿ ಒಬ್ಬರ ಹಿಂದೊಬ್ಬರು ನಡೆಯುವಷ್ಟು ಅಗಲದ ದಾರಿ ರಾಜ್ಯ ಕಳೆಯಿತು. ಸೌದೆ ತರುವವರು, ಸೊಪ್ಪು ತರುವವರು, ದನ ಹುಡುಕಿಕೊಂಡು ಹೋಗುವವರು ತುಳಿದ ದಾರಿಯೇ ಇರಬೇಕು ಅಂತ ನನ್ನ ಊಹೆ. ಮಲೆನಾಡಿನ ಪ್ರತಿ ಮನೆಗೂ ರಸ್ತೆ ಒಂದಿದ್ದರೆ ಒಳದಾರಿ ನಾಲ್ಕಿರುತ್ತೆ. ನಮ್ಮ ಮನೆಗೂ ಇತ್ತು. ಪರೀಕ್ಷೆಯ ಅಂಕಪಟ್ಟಿ ಬಂದ ದಿನ ನಾನು ಮುಂಬಾಗಿಲಿಂದ ಬರುತ್ತಿರಲಿಲ್ಲ.

ಬಾಗಿಲಿನ ಇನ್ನೊಂದು ಕೆಲಸವನ್ನೂ ಹೇಳಬೇಕು, ತೆರೆಯುವುದು. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ಮೊಗಲರಿಂದ ತಪ್ಪಿಸಿಕೊಂಡು ತಮಿಳು ಸೀಮೆಯ ಜಿಂಜಿ ಕೋಟೆಯ ಕಡೆಗೆ ಹೊರಟಾಗ ಕೆಳದಿ ಚೆನ್ನಮ್ಮ ಅವನನ್ನು ತನ್ನ ಸೀಮೆಯೊಳಗೆ ಬಿಟ್ಟುಕೊಂಡಳು. ಔರಂಗಜೇಬನ ಸೇನೆ ಮೈಮೇಲೆ ಬರುತ್ತೆ ಅಂತ ಗೊತ್ತಿದ್ದೂ. ಸೇನೆ ಬಂತು ಕೂಡಾ.

ಮೂರನೇ ಬಾಗಿಲು ದಾಟಿದ ಮೇಲೆ ಕವಲೇದುರ್ಗ ಬಯಲಾಗುತ್ತೆ. ಕಾಶಿ ವಿಶ್ವನಾಥ ದೇವಸ್ಥಾನ, ಎದುರಿಗೆ ಎರಡು ಎತ್ತರದ ಕಂಬ. ಕೊಳಗಳು. ಅಗೆದು ಹೊರತೆಗೆದ ಅರಮನೆಯ ತಳಪಾಯ. ಗೋಡೆ ಇಲ್ಲ, ಮಾಡು ಇಲ್ಲ, ಆದರೆ ಮನೆ ಹೇಗಿತ್ತು ಅಂತ ನಡೆದು ತಿಳಿಯಬಹುದು. ಇಲ್ಲಿ ಮಲಗುವ ಕಲ್ಲಿನ ಮಂಚ, ಇಲ್ಲಿ ದೇವರ ಕೋಣೆ, ಇಲ್ಲಿ ಬಚ್ಚಲು, ನೀರು ಹೋಗಲು ಕಾಲುವೆ. ಭಾವನಿಗೆ ಮೊದಲ ಬಾರಿ ಉತ್ಸಾಹ ಬಂದದ್ದು ಅಡುಗೆಮನೆಯಲ್ಲಿ. ಐದು ಬಾಯಿಯ ಒಲೆ ಇದೆ ಅಲ್ಲಿ. ಅದರ ಎದುರು ಕುಕ್ಕರಗಾಲಲ್ಲಿ ಕೂತು, ಯಾವ ಬಾಯಿಗೆ ಅನ್ನ, ಯಾವುದಕ್ಕೆ ಸಾರು ಅಂತ ಲೆಕ್ಕ ಹಾಕಿದರು. "ಹೊಗೆ ಎಲ್ಲಿಗೆ ಹೋಗ್ತಿತ್ತೋ" ಅಂತ ಬೇಜಾರೂ ಮಾಡಿಕೊಂಡರು.

ಗಂಡಸರಿಬ್ಬರು ಕಲ್ಲಿನ ಒಲೆ ಎದುರು ಕೂತು ಚಿಂತೆ ಮಾಡುವುದನ್ನು ನೋಡಿ ಕಾಲೇಜು ಹುಡುಗರ ಗುಂಪೊಂದು ನಕ್ಕು ಮುಂದೆ ಹೋಯಿತು. ಅವರು ಬಂದ ರಭಸ ನೋಡಿದರೆ ಮೂರು ಬಾಗಿಲನ್ನು ಒಂದೇ ಉಸಿರಿಗೆ ದಾಟಿದ್ದರು ಅನ್ನಿಸುತ್ತೆ. ಇಪ್ಪತ್ತರ ಕಾಲಿಗೆ ಕೋಟೆ ಲೆಕ್ಕಕ್ಕಿಲ್ಲ. ನನಗೂ ಆ ವಯಸ್ಸಿನಲ್ಲಿ ಇಲ್ಲಿಗೆ ಬಂದದ್ದು ನೆನಪಿದೆ, ಬಾಗಿಲು ನೆನಪಿಲ್ಲ.

ತುದಿಯ ಚಿಕ್ಕ ದೇವಸ್ಥಾನದ ಹತ್ತಿರ ಸ್ವಲ್ಪ ಹೊತ್ತು ಕೂತೆವು. ಗುಡ್ಡದ ಹಿಂದೆ ಗುಡ್ಡ, ಮಧ್ಯೆ ಎಲ್ಲೋ ಹಿನ್ನೀರು ಹೊಳೆಯುತ್ತಿತ್ತು. ಆ ಕಡೆ ಇಳಿದರೆ ಘಟ್ಟ, ಕರಾವಳಿ. ಒಂದು ಕಾಲದಲ್ಲಿ ಅಕ್ಕಿ, ಮೆಣಸು, ಅಡಿಕೆ ಎತ್ತಿನ ಬೆನ್ನಿನ ಮೇಲೆ ಆ ಕಡೆ ಇಳಿದು, ಉಪ್ಪು ಈ ಕಡೆ ಹತ್ತುತ್ತಿತ್ತು. ಕೋಟೆಗೂ ಬಾಗಿಲಿಗೂ ದುಡ್ಡು ಬಂದದ್ದು ಆ ಎತ್ತುಗಳ ಕಾಲಿನಿಂದಲೇ.

ಇಳಿಯುವಾಗ ಬಾಗಿಲುಗಳು ಮತ್ತೆ ಬೇರೆಯಾದವು. ಒಳಗಿನಿಂದ ಬರುವವನಿಗೆ ಹೆಬ್ಬಾಗಿಲು ಅಷ್ಟೇನೂ ಗತ್ತು ತೋರಿಸಲ್ಲ. ಬೆಳಕಿನ ಚೌಕಟ್ಟಿನ ಹಾಗೆ ಇರುತ್ತೆ, ಆಚೆ ಹಸಿರು ಕಾಣುತ್ತೆ, ಹೋಗು ಅನ್ನುತ್ತೆ. ಮೊಣಕಾಲು ಹಿಡಿದುಕೊಂಡು ಇಳಿಯುತ್ತಿದ್ದ ಭಾವ ಮೊದಲ ಬಾಗಿಲಲ್ಲಿ ನಿಂತು, ಅಗುಳಿಯ ತೂತಿಗೆ ಮೊಳಕೈವರೆಗೂ ಕೈ ಹಾಕಿ ನೋಡಿದರು. "ಹಾವು ಇದ್ದೀತು ಭಾವ" ಅಂದೆ. ತಟ್ಟನೆ ತೆಗೆದರು. ಆಮೇಲೆ ಕಾಲಿನ ಉಂಬಳಕ್ಕೆ ಸುಣ್ಣ ಹಚ್ಚಿಕೊಂಡರು, ಗಾಡಿಯ ಮಾತು ಆಡಲಿಲ್ಲ.

ಗದ್ದೆಯಂಚಿಗೆ ಬಂದಾಗ ಐದೂವರೆ ಆಗಿತ್ತು. ಉಣುಗೋಲಿನ ಹತ್ತಿರ ಒಬ್ಬರು ಅಮ್ಮ, ಸೊಂಟಕ್ಕೆ ಸೀರೆ ಕಟ್ಟಿ, ಕೈಯಲ್ಲಿ ಕೋಲು ಹಿಡಿದು ನಿಂತಿದ್ದರು. ಪಕ್ಕದಲ್ಲಿ ಒಂದು ಕೆಂದ ಹಸು, ಏನೂ ಆಗಿಲ್ಲ ಅನ್ನುವ ಮುಖ ಮಾಡಿಕೊಂಡು. ಬಾಯಲ್ಲಿ ಇನ್ನೂ ಭತ್ತದ ತೆನೆ ಇತ್ತು.

"ಬೆಳಿಗ್ಗೆ ಹೋದವರು ನೀವೇ ಅಲ್ದಾ?"

ಹೌದು ಅಂದೆವು. ಸುಳ್ಳು ಹೇಳಲು ಅಲ್ಲಿ ಒಳದಾರಿ ಇರಲಿಲ್ಲ.

"ಕೋಟೆ ನೋಡೋಕೆ ಬರೋರೆಲ್ಲ ಹಿಂಗೇ. ದಾಟಿದ್ ಮೇಲೆ ಉಣುಗೋಲು ಹಾಕ್ಬೇಕು ಅಂತ ಗೊತ್ತಾಗಲ್ವಾ? ನೋಡೋಕೆ ಈ ಕಡೇರ ಥರ ಕಾಣ್ತೀರಿ ಬೇರೆ."

ಭಾವ ಏನೂ ಮಾತಾಡದೆ ಕೆಳಗಿನ ಗಳ ಎತ್ತಿ ತೂರಿಸಿದರು. ನಾನು ಮೇಲಿನದನ್ನು ಹಾಕಿದೆ. ನಡುವಿನದು ಇಬ್ಬನಿಗೋ ಏನೋ ಉಬ್ಬಿಕೊಂಡು ತೂತಿಗೆ ಕೂರಲೇ ಇಲ್ಲ. ಆ ಕಡೆ ಅವರು, ಈ ಕಡೆ ನಾನು ಹಿಡಿದು ತಿರುಗಿಸಿದೆವು, ಎಳೆದೆವು, ಮತ್ತೆ ತಿರುಗಿಸಿದೆವು. ಅಮ್ಮ ನೋಡುತ್ತಾ ನಿಂತಿದ್ದರು. "ಎಡಕ್ಕೆ ಸ್ವಲ್ಪ ಎತ್ತಿ" ಅಂದರು. ಎತ್ತಿದೆವು. ಕೂತಿತು.